ಹಿಂದಿನ ಸಾಲಿನ ಹುಡುಗಿಗೆ ಪಾಯಿಂಟ್ ಶೂ ಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಹತ್ತೂವರೆ ವರ್ಷ. ಎರಡು ವರ್ಷದಿಂದ ಕಾರವಾರದಲ್ಲೇ ವಾರಕ್ಕೆ ಎರಡು ದಿನ ಬ್ಯಾಲೆ ಕ್ಲಾಸಿಗೆ ಹೋಗುತ್ತಿದ್ದಾಳೆ. ಫೆಬ್ರವರಿ ಕೊನೆಗೆ ಕ್ಲಾಸಿನ ವಾರ್ಷಿಕ ಪ್ರದರ್ಶನ ಇದೆ. ಹನ್ನೆರಡು ಮಕ್ಕಳ ಗುಂಪಿನಲ್ಲಿ ಇವಳು ಹಿಂದಿನ ಸಾಲು. ಜೊತೆಯ ಒಬ್ಬ ಹುಡುಗಿ ಆನ್‌ಲೈನ್‌ನಲ್ಲಿ ಪಾಯಿಂಟ್ ಶೂ, ಅಂದರೆ ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯಲು ತೊಡುವ ಶೂ, ತರಿಸಿದ್ದಾಳೆ. ಅದನ್ನು ನೋಡಿ ಇವಳದೂ ಹಟ ಶುರುವಾಗಿದೆ. ಪ್ರದರ್ಶನದ ಹಾಲ್‌ನ ವೇದಿಕೆ ಸಿಮೆಂಟಿನದು. ಮನೆಯ ಹಿರಿಯರು 'ಯಕ್ಷಗಾನದ ಸೀಮೆಯಲ್ಲಿ ಇದೆಂಥ ಕುಣಿತ' ಎನ್ನುತ್ತಾರೆ. ಶೂ ಕೊಡಿಸಲಾ? ಹಿಂದಿನ ಸಾಲಿನ ಬಗ್ಗೆ ಟೀಚರ್ ಹತ್ತಿರ ಮಾತಾಡಲಾ? ಈ ಪ್ರದರ್ಶನದಿಂದ ಅವಳಿಗೆ ನಿಜವಾಗಿ ಏನಾದರೂ ಸಿಗುತ್ತಾ?
— ಒಬ್ಬ ತಾಯಿ, ಕಾರವಾರ

ಉತ್ತರ: ಮೊದಲು ಶೂ ವಿಷಯ ಮುಗಿಸಿಬಿಡೋಣ. ಹಟ ಜಾಸ್ತಿಯಾಗಿ ನೀವು ಆರ್ಡರ್ ಹಾಕಿಬಿಟ್ಟರೆ ಕಷ್ಟ. ಕೊಡಿಸಬೇಡಿ. ಈ ವರ್ಷ ಬೇಡ, ಬಹುಶಃ ಮುಂದಿನ ವರ್ಷವೂ ಬೇಡ.

ಪಾಯಿಂಟ್ ಶೂ ಹೊರಗಿನಿಂದ ನೋಡಿದರೆ ಗುಲಾಬಿ ಸ್ಯಾಟಿನ್ ಬಟ್ಟೆಯ ಚಂದದ ಚಪ್ಪಲಿ. ಒಳಗೆ ಬೇರೆಯೇ ಕಥೆ. ತುದಿಯಲ್ಲಿ ಗೋಣಿಯಂಥ ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಒಣಗಿಸಿದ ಗಟ್ಟಿ ಡಬ್ಬಿ ಇರುತ್ತದೆ. ಅಂಗಾಲಿನ ಕೆಳಗೆ ಚರ್ಮ ಅಥವಾ ರಟ್ಟಿನ ಬಿರುಸು ಪಟ್ಟಿ. ಹುಡುಗಿ ಅದರ ತುದಿಯ ಮೇಲೆ ಎದ್ದು ನಿಂತಳು ಅಂದರೆ ಇಡೀ ಮೈಭಾರ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಜಾಗದ ಮೇಲೆ ಬಂತು. ಪಾದದಲ್ಲಿ 26 ಮೂಳೆಗಳಿವೆ. ಹತ್ತೂವರೆ ವರ್ಷಕ್ಕೆ ಅವು ಇನ್ನೂ ಬೆಳೆಯುತ್ತಿರುತ್ತವೆ, ತುದಿಗಳಲ್ಲಿ ಮೆತ್ತನೆಯ ಭಾಗ ಉಳಿದಿರುತ್ತದೆ. ಶೂ ಎತ್ತಿ ಹಿಡಿಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಎತ್ತಿ ಹಿಡಿಯಬೇಕಾದದ್ದು ಪಾದದ ಸ್ನಾಯು, ಕಣಕಾಲು, ಹೊಟ್ಟೆ, ಬೆನ್ನು. ಅವಕ್ಕೆ ಶಕ್ತಿ ಇಲ್ಲದಿದ್ದರೆ ಹುಡುಗಿ ಶೂ ಒಳಗೆ ಕುಸಿದು ಕೂರುತ್ತಾಳೆ, ಅಷ್ಟೆ.

ನೃತ್ಯದವರ ಪಾದ ನೋಡುವ ವೈದ್ಯರು ಈಗ ಬರೀ ವಯಸ್ಸು ನೋಡಿ ಹೂಂ ಅನ್ನುವುದಿಲ್ಲ. ಹನ್ನೊಂದು ಹನ್ನೆರಡಕ್ಕಿಂತ ಮೊದಲು ಬೇಡ ಎನ್ನುವುದು ಹಳೆಯ ವಾಡಿಕೆ. ಅದರ ಜೊತೆಗೆ ಎಷ್ಟು ವರ್ಷ ಕಲಿತಿದ್ದಾಳೆ, ವಾರಕ್ಕೆ ಎಷ್ಟು ಸಲ ಅನ್ನುವುದನ್ನೂ ಕೇಳುತ್ತಾರೆ. ವಾರಕ್ಕೆ ಎರಡೇ ಕ್ಲಾಸು ಅಂದರೆ ನಾಲ್ಕನೇ ವರ್ಷ ದಾಟಲಿ ಎನ್ನುತ್ತಾರೆ. ನಿಮ್ಮ ಮಗಳದು ಇನ್ನೂ ಎರಡನೇ ವರ್ಷ. ಲೆಕ್ಕ ಇಲ್ಲೇ ಮುಗಿಯಿತು.

ಆದರೂ ಹಟಕ್ಕೆ ಉತ್ತರ ಬೇಕಲ್ಲ. 'ಬೇಡ' ಎಂದರೆ ಮಕ್ಕಳು ಕೇಳುವುದಿಲ್ಲ, 'ಮಾಡಿ ತೋರಿಸು' ಎಂದರೆ ಕೇಳುತ್ತಾರೆ. ಟೀಚರ್ ಎದುರಿಗೆ ಮೂರು ಕೆಲಸ ಮಾಡಿಸಿ. ಕಾಲು ನೆಟ್ಟಗೆ ಚಾಚಿ ಕೂತು ಪಾದ ಪೂರ್ತಿ ಮುಂದಕ್ಕೆ ಎಳೆಯಲಿ. ಕಣಕಾಲಿನಿಂದ ಪಾದದ ಮೇಲಕ್ಕೆ ಪೆನ್ಸಿಲ್ ಇಟ್ಟರೆ ಅಡ್ಡಿಯಿಲ್ಲದೆ ನೇರ ಮಲಗಬೇಕು. ಆಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲು ಹಿಂದಕ್ಕೆ ಚಾಚಿ, ಮೈ ವಿಮಾನದಂತೆ ಮುಂದಕ್ಕೆ ಬಾಗಿಸಿ, ನಿಂತ ಮೊಣಕಾಲು ಮಡಚುತ್ತಾ ಕೈಬೆರಳಿಂದ ನೆಲ ಮುಟ್ಟಿ ಏಳಲಿ. ಐದು ಸಲದಲ್ಲಿ ನಾಲ್ಕು ಸಲವಾದರೂ ಮೊಣಕಾಲು ಒಳಗೆ ವಾಲಬಾರದು. ಕೊನೆಗೆ ಒಂದೇ ಕಾಲಲ್ಲಿ 16 ಜಿಗಿತ. ಅದರಲ್ಲಿ ಕನಿಷ್ಠ ಎಂಟು ಚೊಕ್ಕ ಇರಬೇಕು, ಪಾದ ಗಾಳಿಯಲ್ಲಿ ಚೂಪಾಗಬೇಕು, ಇಳಿಯುವಾಗ ಸದ್ದು ಬರಬಾರದು. ನನ್ನ ಹತ್ತಿರ ಬಂದ ಹತ್ತು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಎರಡನೆಯದರಲ್ಲೇ ನಕ್ಕು ಬಿದ್ದುಬಿಡುತ್ತಾರೆ. ಹಟ ಅರ್ಧ ಇಳಿಯುವುದು ಅಲ್ಲೇ. ಮೂರನ್ನೂ ಮಾಡಿಬಿಟ್ಟಳು ಅಂತಲೇ ಇಟ್ಟುಕೊಳ್ಳಿ, ಆಗಲೂ ಅಭ್ಯಾಸದ ವರ್ಷಗಳ ಲೆಕ್ಕ ಬದಲಾಗುವುದಿಲ್ಲ.

ಅವಳಿಗೆ ಇನ್ನೊಂದು ಕಥೆ ಹೇಳಿ. 1832ರಲ್ಲಿ ಪ್ಯಾರಿಸ್‌ನಲ್ಲಿ ಮರಿ ತಾಲ್ಯೋನಿ ಎಂಬಾಕೆ ಬೆರಳ ತುದಿಯಲ್ಲಿ ಕುಣಿದು ಹೆಸರಾದಳು. ಆಗ ಈ ಗಟ್ಟಿ ಡಬ್ಬಿ ಇರಲೇ ಇಲ್ಲ. ಅವಳದು ಮೆತ್ತಗಿನ ಸ್ಯಾಟಿನ್ ಶೂ. ಹರಿದ ಸೀರೆಗೆ ರಫೂ ಮಾಡುತ್ತೇವಲ್ಲ, ಹಾಗೆ ತುದಿಗೆ ಒತ್ತೊತ್ತಾಗಿ ದಾರ ಹೊಲಿದುಕೊಂಡಿದ್ದಳು. ನಿಲ್ಲಿಸಿದ್ದು ಕಾಲು, ಶೂ ಅಲ್ಲ.

ಆನ್‌ಲೈನ್ ಶೂಗೆ ಇನ್ನೂ ಒಂದು ತೊಂದರೆ ಇದೆ. ಪಾಯಿಂಟ್ ಶೂವನ್ನು ಪಾದ ನೋಡಿ, ತೊಡಿಸಿ, ನಿಲ್ಲಿಸಿ ಆರಿಸಬೇಕು. ಬೆರಳುಗಳ ಉದ್ದ, ಅಗಲ, ಕಮಾನು ಒಬ್ಬೊಬ್ಬರದು ಒಂದೊಂದು ತರ. 'ದೊಡ್ಡ ಸೈಜ್ ತಗೊಂಡ್ರೆ ಎರಡು ವರ್ಷ ಬರ್ತದೆ' ಅನ್ನುವ ನಮ್ಮ ಶಾಲಾ ಬೂಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಡಿಲ ಶೂ ಬಿಗಿ ಶೂಗಿಂತ ಅಪಾಯ. ಅಂಟಿನ ಡಬ್ಬಿಗೆ ತೇವ ಕಂಡರಾಗದು ಬೇರೆ. ಬೆವರಿಗೇ ಮೆತ್ತಗಾಗುತ್ತದೆ, ಇನ್ನು ಜುಲೈನಲ್ಲಿ ಬೆಲ್ಟಿಗೂ ಬೂಸಲು ಹಿಡಿಯುವ ಕಾರವಾರದಲ್ಲಿ ಕೇಳಬೇಕೇ?

ಈಗ ಹಿಂದಿನ ಸಾಲು. ಟೀಚರ್ ಹತ್ತಿರ ಮಾತಾಡಿ, ಆದರೆ 'ಮುಂದೆ ಹಾಕಿ' ಅಂತ ಕೇಳಬೇಡಿ. 'ಇವಳ ಜಾಗದಲ್ಲಿ ಇವಳು ಏನು ಕಲಿಯಬೇಕು' ಅಂತ ಕೇಳಿ. ಒಳ್ಳೆಯ ಟೀಚರ್ ಆದರೆ ಉತ್ತರ ತಯಾರಿರುತ್ತದೆ.

ನಾನು ಗುಂಪು ಕಟ್ಟುವಾಗ ಮುಂದೆ ಯಾರನ್ನು ಹಾಕುತ್ತೇನೆ ಗೊತ್ತಾ? ಕೆಲವು ಸಲ ಕುಳ್ಳಗಿನವರನ್ನು, ಎಲ್ಲರೂ ಕಾಣಲಿ ಅಂತ. ಕೆಲವು ಸಲ ಮರೆವು ಜಾಸ್ತಿ ಇರುವವರನ್ನು, ಪರದೆಯ ಬದಿಯಿಂದ ನಾನು ಸನ್ನೆ ಮಾಡಿದರೆ ಅವರಿಗೆ ಕಾಣಲಿ ಅಂತ. ಹಿಂದಿನ ಸಾಲಿಗೆ ಲೆಕ್ಕ ತಪ್ಪದ ಒಬ್ಬಳಾದರೂ ಬೇಕು, ಯಾಕೆಂದರೆ ಸಾಲು ತಿರುಗಿದ ಕೂಡಲೇ ಹಿಂದಿನವಳೇ ಮುಂದಿನವಳು. ಆ ತಿರುವಿನಲ್ಲಿ ಅವಳಿಗೆ ನೋಡಿಕೊಂಡು ಮಾಡಲು ಎದುರಿಗೆ ಯಾರೂ ಇಲ್ಲ. ಇದೆಲ್ಲ ನಾವು ಪಾಲಕರಿಗೆ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಾಲಿನ ಅಮ್ಮಂದಿರು ಸಿಟ್ಟಾಗುತ್ತಾರೆ.

ಒಂದು ರಿಹರ್ಸಲ್ ನೆನಪಾಗುತ್ತದೆ. ಒಂಬತ್ತು ವರ್ಷದವಳು, ಹಿಂದಿನ ಸಾಲಿನ ಎಡತುದಿ. ಎಂಟರ ಲೆಕ್ಕವನ್ನು ಬಾಯಲ್ಲೇ ಗುನುಗುತ್ತಿದ್ದಳು. ನಾಲ್ಕರಲ್ಲಿ ಕೈ ಮೇಲಕ್ಕೆ ಬರಬೇಕು. ಪಕ್ಕದವಳು ಮೂರಕ್ಕೇ ಎತ್ತಿದಳು, ಅವಳ ಪಕ್ಕದವಳು ಅದನ್ನು ನೋಡಿ ಎತ್ತಿದಳು, ಸಾಲೆಲ್ಲ ಅಲೆ ಎದ್ದ ಹಾಗಾಯಿತು. ಇವಳ ಕೈ ಸೊಂಟದ ಹತ್ತಿರ ಒಮ್ಮೆ ನಡುಗಿ ಅಲ್ಲೇ ನಿಂತಿತು. ನಾಲ್ಕು ಬಂತು. ಆಗ ಎತ್ತಿದಳು, ಒಬ್ಬಳೇ, ಎಲ್ಲರಿಗಿಂತ ತಡವಾಗಿ. ನೋಡಿದವರಿಗೆ ತಪ್ಪು ಮಾಡಿದ್ದು ಇವಳೇ. ಒಂದು ಎಣಿಕೆಯಷ್ಟು ಹೊತ್ತು ಎಲ್ಲರ ಕೈ ಮೇಲಿದ್ದಾಗ ತನ್ನ ಕೈ ತಡೆದು ಹಿಡಿಯುವುದು ದೊಡ್ಡವರಿಗೂ ಸುಲಭವಿಲ್ಲ. ನಿಮ್ಮ ಮೂರನೇ ಪ್ರಶ್ನೆಗೆ, ಅಂದರೆ ಏನು ಸಿಗುತ್ತದೆ ಎನ್ನುವುದಕ್ಕೆ, ನನ್ನ ಉತ್ತರ ಆ ನಡುಗಿದ ಕೈ.

ಬ್ಯಾಲೆಯಲ್ಲಿ ಹೀಗೆ ಸಾಲಾಗಿ ಒಟ್ಟಿಗೆ ಕುಣಿಯುವ ಗುಂಪಿಗೆ 'ಕೋರ್ ದ ಬ್ಯಾಲೆ' ಎನ್ನುತ್ತಾರೆ. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಸಲ ಆಡಿದ 'ಲಾ ಬಯಾದೇರ್' ಎಂಬ ಬ್ಯಾಲೆಯಲ್ಲಿ ಒಂದು ನೆರಳುಗಳ ದೃಶ್ಯ ಇದೆ. ಕಥೆ ನಡೆಯುವುದು ನಮ್ಮ ದೇಶದಲ್ಲಿ, ದೇವಸ್ಥಾನದ ನರ್ತಕಿಯೊಬ್ಬಳದು. ಇಳಿಜಾರಿನ ಮೇಲಿಂದ ಬಿಳಿ ಬಟ್ಟೆಯ ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಈಗ ಸಾಮಾನ್ಯವಾಗಿ 24 ಇಲ್ಲವೇ 32 ಜನ. ಎಲ್ಲರದೂ ಅದೇ ಹೆಜ್ಜೆ, ಅದೇ ಒಂಟಿಗಾಲಿನ ಭಂಗಿ. ಮೊದಲು ಇಳಿದವಳು ಕೊನೆಯವಳು ಬರುವ ತನಕ ಅದನ್ನೇ ಮಾಡುತ್ತಿರಬೇಕು. ಒಬ್ಬಳು ಓಲಾಡಿದರೂ ಇಡೀ ಚಿತ್ರ ಕೆಡುತ್ತದೆ. ನಾಯಕಿ ಇನ್ನೂ ಬಂದೇ ಇರುವುದಿಲ್ಲ, ಜನ ಆಗಲೇ ಮಾತು ನಿಲ್ಲಿಸಿರುತ್ತಾರೆ.

ಇನ್ನು ಪ್ರದರ್ಶನದಲ್ಲಿ ಏನಿರಬೇಕು ಅನ್ನುವುದು. ನೀವು ಇದನ್ನು ಕೇಳಿಲ್ಲ, ಆದರೆ ಶೂ, ಸಾಲು ಎರಡರ ಬೇರೂ ಇಲ್ಲೇ ಇದೆ. ಡಿಸೆಂಬರ್ ಬಂತೆಂದರೆ ಜಗತ್ತಿನ ಅರ್ಧ ಬ್ಯಾಲೆ ಶಾಲೆಗಳು 'ನಟ್‌ಕ್ರ್ಯಾಕರ್' ಆಡುತ್ತವೆ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅದು ಮೊದಲ ಸಲ ನಡೆದಾಗಲೂ ಶಾಲೆಯ ಮಕ್ಕಳಿಗೆ ಅದರಲ್ಲಿ ಪಾತ್ರ ಇತ್ತು. ಅವರು ದಿನಾ ಅಭ್ಯಾಸ ಮಾಡುವ ಮಕ್ಕಳು. ನಮ್ಮಲ್ಲಿ ವಾರಕ್ಕೆ ಎರಡು ಗಂಟೆ ಕಲಿತವರಿಂದ ಅದರ ತುಣುಕು ಮಾಡಿಸಲು ಹೋಗಿ, ಜನವರಿ ಫೆಬ್ರವರಿ ಪೂರ್ತಿ ಕ್ಲಾಸು ಬಿಟ್ಟು ಬರೀ ಹಾಡಿನ ತಾಲೀಮು ನಡೆಯುತ್ತದೆ. ವರ್ಷದ ಪಾಠದಲ್ಲಿ ಎರಡು ತಿಂಗಳು ಹೋಯಿತು. ಮಕ್ಕಳಿಗೆ ಮೈಮೇಲೆ ಬಾರದ ಹೆಜ್ಜೆ, ಅದನ್ನು ಮುಚ್ಚಲು ದೊಡ್ಡ ಫ್ರಾಕು, ಹೊಳೆಯುವ ಕಿರೀಟ, ಕೊನೆಗೆ ಒಂದು ಜೊತೆ ಪಾಯಿಂಟ್ ಶೂ.

ನನಗೆ ಇಷ್ಟವಾದದ್ದು ಪ್ಯಾರಿಸ್ ಒಪೆರಾದ ಬ್ಯಾಲೆ ಶಾಲೆಯವರ ಪದ್ಧತಿ. 1713ರಷ್ಟು ಹಳೆಯ ಶಾಲೆ ಅದು. ಪ್ರತಿ ಡಿಸೆಂಬರ್‌ನಲ್ಲಿ ಅವರು ಕ್ಲಾಸನ್ನೇ ವೇದಿಕೆಗೆ ತರುತ್ತಾರೆ. ಚಿಕ್ಕವರಿಂದ ದೊಡ್ಡವರ ತನಕ ತರಗತಿ ತರಗತಿಯಾಗಿ ಬಂದು, ಟೀಚರ್ ಎದುರಿಗೆ ಅಭ್ಯಾಸ ಮಾಡಿ ತೋರಿಸುತ್ತಾರೆ. ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಇದೇನೂ ಕಮ್ಮಿ ದರ್ಜೆಯದಲ್ಲ. 1948ರಲ್ಲಿ ಕೋಪನ್‌ಹೇಗನ್‌ನಲ್ಲಿ ಹರಾಲ್ಡ್ ಲಾಂಡರ್ ಕಟ್ಟಿದ 'ಎತ್ಯೂದ್' ಎಂಬ ಪ್ರಸಿದ್ಧ ಬ್ಯಾಲೆಗೆ ಕಥೆಯೇ ಇಲ್ಲ. ಕಂಬಿ ಹಿಡಿದು ಮೊಣಕಾಲು ಬಾಗಿಸುವ ಪ್ಲಿಯೇಯಿಂದ ಶುರುವಾಗಿ ದೊಡ್ಡ ಜಿಗಿತಗಳವರೆಗೆ ಒಂದು ಕ್ಲಾಸು ಏರುತ್ತಾ ಹೋಗುತ್ತದೆ, ಅಷ್ಟೆ.

ನಿಮ್ಮ ಟೀಚರ್‌ಗೆ ಇದನ್ನು ಮೆಲ್ಲಗೆ ಹೇಳಿ ನೋಡಬಹುದು. ಮೊದಲ ಇಪ್ಪತ್ತು ನಿಮಿಷ ಕಂಬಿ ಕೆಲಸ, ನಡುವೆ ಒಂದೆರಡು ಸಣ್ಣ ಕುಣಿತ, ಕೊನೆಗೆ ಟೀಚರ್‌ಗೂ ಸಭೆಗೂ ಮಣಿಯುವ 'ರೆವೆರಾನ್ಸ್'. ಹೆಜ್ಜೆಯ ಹೆಸರನ್ನು ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ವಿವರಿಸಿದರೆ ಅಜ್ಜಂದಿರಿಗೂ ಅರ್ಥವಾಗುತ್ತದೆ. ಖರ್ಚೂ ಕಮ್ಮಿ. ಪ್ರತಿ ಮಗುವೂ ವರ್ಷಪೂರ್ತಿ ಮಾಡಿದ್ದನ್ನೇ ಮಾಡುವುದರಿಂದ ಹೆದರಿಕೆ ಇಳಿಯುತ್ತದೆ.

ಮನೆಯ ಹಿರಿಯರಿಗೆ ಇದೇ ಮಾತನ್ನು ಯಕ್ಷಗಾನದ ಕಡೆಯಿಂದ ಹೇಳಿ. ಇಡೀ ರಾತ್ರಿ ಆಟ ನೋಡಿದವರಿಗೆ ಪೂರ್ವರಂಗ ಗೊತ್ತೇ ಇರುತ್ತದೆ. ಪ್ರಸಂಗ ಶುರುವಾಗುವ ಮೊದಲು ಕೋಡಂಗಿ ಬರುತ್ತದೆ, ಆಮೇಲೆ ಬಾಲಗೋಪಾಲ ವೇಷ. ಅವರೆಲ್ಲ ಕಲಿಯುವ ಹುಡುಗರು. ನಿನ್ನೆ ಮೊನ್ನೆ ಕಲಿತ ಹೆಜ್ಜೆಯನ್ನೇ ಗೆಜ್ಜೆ ಕಟ್ಟಿ, ಭಾಗವತರ ಪದಕ್ಕೆ, ಚಂಡೆ ಮದ್ದಲೆಯ ಎದುರಿಗೆ ಹಾಕುತ್ತಾರೆ. ಅವರನ್ನು ಮೊದಲ ದಿನವೇ ಭೀಮನ ವೇಷ ಕಟ್ಟಿಸಿ ಬಿಡುತ್ತಿರಲಿಲ್ಲ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಾ ಇರುವಾಗ ಅವರ ತಪ್ಪುಗಳೆಲ್ಲ ಮುಗಿದಿರುತ್ತಿದ್ದವು. ಎಷ್ಟೋ ದೊಡ್ಡ ಕಲಾವಿದರು ಹಾಗೆ ಬೆಳೆದವರು. ಈಗ ಕಾಲಮಿತಿ ಆಟಗಳಲ್ಲಿ ಪೂರ್ವರಂಗಕ್ಕೇ ಕತ್ತರಿ ಬೀಳುತ್ತಿದೆ, ನನಗಂತೂ ಅದು ಬೇಜಾರು. ಬ್ಯಾಲೆ ಕ್ಲಾಸಿನ ವಾರ್ಷಿಕ ಪ್ರದರ್ಶನ ಅಂದರೆ ನನ್ನ ಪ್ರಕಾರ ಬಾಲಗೋಪಾಲ ವೇಷ. ನಿಮ್ಮ ಮಾವನವರಿಗೆ ಹಾಗೆ ಹೇಳಿದರೆ ಒಂದು ಸಲ ತಲೆ ಆಡಿಸಿಯಾರು.

ಬ್ಯಾಲೆ ಎಂಬ ಮಾತೂ ನಮ್ಮ ಕರಾವಳಿಗೆ ಹೊಸದಲ್ಲ. ಶಿವರಾಮ ಕಾರಂತರು ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ, ಮಾತು ಬಿಟ್ಟು ಕಟ್ಟಿದ ಪ್ರಯೋಗಕ್ಕೆ ಯಕ್ಷಗಾನ ಬ್ಯಾಲೆ ಎಂದೇ ಹೆಸರು. ಭರತನಾಟ್ಯದ ಹೆಸರಾಂತ ಕಲಾವಿದೆ ರುಕ್ಮಿಣಿ ದೇವಿಯವರಂತೂ ಮೊದಲು ಬ್ಯಾಲೆ ಕಲಿತವರು. ನಿಮ್ಮದೇ ನೃತ್ಯವನ್ನು ನೋಡಿ ಎಂದು ಅವರಿಗೆ ಹೇಳಿದ್ದು ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ. ಒಂದು ಕುಣಿತ ಕಲಿತ ಕಾಲು ಇನ್ನೊಂದಕ್ಕೆ ಕೆಡುತ್ತದೆ ಎನ್ನುವುದು ಸುಮ್ನೆ ಮಾತು.

ಸಿಮೆಂಟಿನ ವೇದಿಕೆ ಬಗ್ಗೆ ಮಾತ್ರ ಗಟ್ಟಿಯಾಗಿ ಮಾತಾಡಿ. ಜಿಗಿದು ಇಳಿಯುವಾಗ ಕಾಲಿನ ಮೇಲೆ ಮೈಭಾರದ ಹಲವು ಪಟ್ಟು ಪೆಟ್ಟು ಬೀಳುತ್ತದೆ. ಮರದ ನೆಲ, ಅದರಡಿ ಸ್ವಲ್ಪ ಟೊಳ್ಳು ಇದ್ದರೆ ಆ ಪೆಟ್ಟಿನ ಪಾಲನ್ನು ನೆಲ ತೆಗೆದುಕೊಳ್ಳುತ್ತದೆ. ಸಿಮೆಂಟು ಏನೂ ತೆಗೆದುಕೊಳ್ಳುವುದಿಲ್ಲ, ಎಲ್ಲ ಮೊಣಕಾಲ ಕೆಳಗಿನ ಮೂಳೆಗೆ ವಾಪಸ್. ಮಂಡಿ ಹಾಕಿ ಕುಣಿದ ನಮ್ಮ ವೇಷಧಾರಿಗಳನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ದಪ್ಪ ಫೋಮ್ ತುಂಡುಗಳ ಮೇಲೆ ಪ್ಲೈವುಡ್ ಹಲಗೆ ಜೋಡಿಸಿ, ಮೇಲೆ ನೃತ್ಯಕ್ಕೆಂದೇ ಬರುವ ವಿನೈಲ್ ಹಾಸು ಟೇಪ್ ಹಾಕಿ ಬಿಗಿಯುವುದು ಒಂದು ದಾರಿ. ಅದಾಗದಿದ್ದರೆ ಜಿಗಿತ ತೆಗೆದುಬಿಡಲಿ. ಹತ್ತು ವರ್ಷದವರ ಕುಣಿತ ಜಿಗಿತವಿಲ್ಲದೆಯೂ ಚಂದ ಇರುತ್ತದೆ.

ಜಮಖಾನ ಹಾಸಲು ಮಾತ್ರ ಬಿಡಬೇಡಿ. ನಮ್ಮ ಕಡೆ ಹಾಲ್‌ನವರು ಗೌರವ ಅಂತ ಕೆಂಪು ಜಮಖಾನ ಹಾಸಿಬಿಡುತ್ತಾರೆ. ನಾನು ಹದಿನಾಲ್ಕರಲ್ಲಿದ್ದಾಗ ಶಿರಸಿ ಕಡೆಯ ಒಂದು ಹಾಲ್‌ನಲ್ಲಿ ಹಾಗೆ ಆಗಿತ್ತು. ಗಿರಕಿ ಹೊಡೆಯುವಾಗ ಮೈ ತಿರುಗಿತು, ಪಾದ ಬಟ್ಟೆಗೆ ಸಿಕ್ಕಿ ಅಲ್ಲೇ ಉಳಿಯಿತು. ಮೊಣಕಾಲು ತಿರುಚಿ ಕೆಳಗೆ ಕೂತೆ. ಜನ ಅದೂ ಕುಣಿತವೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆರು ವಾರ ಕುಂಟಿದೆ. ಇನ್ನೊಂದು, ಕಾರ್ಯಕ್ರಮಕ್ಕೆ ಮುಂಚೆ ಫಿನೈಲ್ ಹಾಕಿ ಒರೆಸುವ ಉತ್ಸಾಹಿಗಳು ಇರುತ್ತಾರೆ. ಅವರಿಗೆ ಬರೀ ಒದ್ದೆ ಬಟ್ಟೆ ಸಾಕು, ಅದೂ ಎರಡು ಗಂಟೆ ಮುಂಚೆ ಎಂದು ಹೇಳಿಡಿ. ಕಡಲತೀರದ ಮಯೂರವರ್ಮ ವೇದಿಕೆಯಂಥ ಬಯಲು ಜಾಗವಾದರೆ ಮರಳಿನ ಕಣ, ಸಂಜೆಯ ಉಪ್ಪು ತೇವ ಎರಡೂ ಇರುತ್ತವೆ, ಅಲ್ಲಿ ಕೊನೆ ಗಳಿಗೆಯಲ್ಲಿ ಮತ್ತೊಮ್ಮೆ ಒಣ ಬಟ್ಟೆಯಲ್ಲಿ ಒರೆಸಬೇಕು. ಜಾರುವ ನೆಲಕ್ಕೆ ವಿದೇಶದಲ್ಲಿ ಕೋಲಾ ಪಾನೀಯಕ್ಕೆ ನೀರು ಬೆರೆಸಿ ಒರೆಸುವ ಹಳೇ ಉಪಾಯ ಒಂದಿದೆ, ಸ್ವಲ್ಪ ಅಂಟು ಬರುತ್ತದೆ. ನಾನೂ ಒಮ್ಮೆ ಮಾಡಿದೆ. ಅರ್ಧ ಗಂಟೆಯಲ್ಲಿ ಇರುವೆ ಸಾಲು ಬಂತು.

ಆ ದಿನದ ಸಿದ್ಧತೆ ಜಾಸ್ತಿ ಏನಿಲ್ಲ. ಮೆತ್ತನೆ ಬ್ಯಾಲೆ ಶೂ ಕಾಲಿಗೆ ಸರಿಯಾಗಿ ಅಂಟಿಕೊಳ್ಳಬೇಕು. ಎಲಾಸ್ಟಿಕ್ ಅನ್ನು ದಾರದಲ್ಲಿ ಹೊಲಿಯಿರಿ, ಸೇಫ್ಟಿ ಪಿನ್ ಬೇಡ. ಮುಂದಿನ ದಾರದ ಗಂಟನ್ನು ಒಳಗೆ ತೂರಿಸಿ. ತಲೆಗೆ ಹಿಂದಿನ ರಾತ್ರಿ ಸ್ವಲ್ಪ ತೆಂಗಿನೆಣ್ಣೆ ಹಚ್ಚಿದರೆ ತುರುಬು ನುಣ್ಣಗೆ ಕೂರುತ್ತದೆ. ಅಜ್ಜಿ ಅಬ್ಬಲಿಗೆ ಮುಡಿಸಲು ಬಂದರೆ ಕುಣಿತ ಮುಗಿದ ಮೇಲೆ ಎನ್ನಿ, ಗಿರಕಿಯಲ್ಲಿ ಉದುರಿದ ಹೂವಿನ ಮೇಲೆ ಯಾರದಾದರೂ ಕಾಲು ಜಾರೀತು. ಎರಡು ಗಂಟೆ ಮುಂಚೆ ಅವಲಕ್ಕಿ, ಬಾಳೆಹಣ್ಣು. ಕರಿದದ್ದು ಆಮೇಲೆ. ಮಕ್ಕಳು ಬಣ್ಣ ಹಚ್ಚಿ ತಯಾರಾಗುವ ಚೌಕಿಗೆ ನೀವು ಹೋಗಬೇಡಿ. ಅಮ್ಮನ ಮುಖ ಕಂಡರೆ ಸುಮ್ಮನಿದ್ದವರಿಗೂ ಅಳು ಬರುತ್ತದೆ.

ತಾಲೀಮಿನ ದಿನಗಳಲ್ಲಿ ಹಿಮ್ಮಡಿ ಅಥವಾ ಮೊಣಕಾಲ ಕೆಳಗೆ ಒಂದೇ ಜಾಗ ಒತ್ತಿದರೆ ನೋಯುತ್ತದೆ ಎಂದರೆ ತಡಮಾಡಬೇಡಿ. ಕುಣಿತ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೈಕೈ ನೋವು ಬೇರೆ, ಅದು ಎರಡು ದಿನಕ್ಕೆ ಹೋಗುತ್ತದೆ.

ಹಾಲ್‌ನಲ್ಲಿ ಮೊದಲ ಸಾಲಿನ ಕುರ್ಚಿ ಹಿಡಿಯಲು ಐದು ಗಂಟೆಗೇ ಓಡಬೇಡಿ. ಅಲ್ಲಿಂದ ಮುಂದಿನ ಮಕ್ಕಳ ಮೊಣಕಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಎಂಟನೇ ಸಾಲಿನ ಆಚೆ, ನಡುವಿನ ಕುರ್ಚಿ ಹಿಡಿಯಿರಿ. ಹನ್ನೆರಡು ಮಕ್ಕಳ ಸಾಲು ತಿರುಗಿ ಹಿಂದಿನದು ಮುಂದೆ ಬರುವುದು ಅಲ್ಲಿಂದಲೇ ಸರಿಯಾಗಿ ಕಾಣುತ್ತದೆ. ಮೊಬೈಲ್ ಮಾವನವರ ಕೈಗೆ ಕೊಡಿ, ವಿಡಿಯೋ ಅವರು ತೆಗೆಯಲಿ.